ಮೂಟೆಗೆ ರಾಟೆ, ನಮಗೆ ಸುರುಳಿ ಮೆಟ್ಟಿಲು

ಫ್ರಾನ್ಸಿನ ತ್ರುವಾ ಊರಿನ ಹಳೇ ವ್ಯಾಪಾರಿಗಳು ಮನೆ ಕಟ್ಟುವಾಗ ಮೊದಲು ಸರಕಿನ ಬಗ್ಗೆ ಯೋಚಿಸಿದ್ದಾರೆ, ಆಮೇಲೆ ಗಿರಾಕಿಯ ಬಗ್ಗೆ. ಮನೆಯಲ್ಲಿ ಮಲಗುವವರ ನೆನಪಾಗಿದ್ದು ಎಲ್ಲಾ ಮುಗಿದ ಮೇಲೆ. ನಾವು ಇಳಿದುಕೊಂಡಿದ್ದ ಅಂಥದೊಂದು ಮನೆಯಲ್ಲಿ ನಮ್ಮ ದೊಡ್ಡ ಸೂಟ್‌ಕೇಸು ಸುರುಳಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಯಜಮಾನರು ಅದರ ಮೇಲೂ ನಾನು ಕೆಳಗೂ ಉಳಿದಾಗ ಇದು ಚೆನ್ನಾಗಿ ಅರ್ಥವಾಯಿತು.

“ಏನ್ರೀ, ಆ ಕಾಲದವರು ಸಾಮಾನು ಹೇಗೆ ಸಾಗಿಸ್ತಿದ್ರು?” ಎಂದೆ.

“ಮೊದಲು ನೀನು ತಳ್ಳೇ!”

ಉತ್ತರ ಆಮೇಲೆ ಗೊತ್ತಾಯಿತು. ಇಂಥ ಮನೆಗಳಲ್ಲಿ ಅಟ್ಟವೇ ಉಗ್ರಾಣ. ಎಷ್ಟೋ ಕಡೆ ಅಟ್ಟದ ಕಿಟಕಿಯ ಮೇಲೆ ರಾಟೆ ಕಟ್ಟಿ, ಬೀದಿಯಿಂದಲೇ ಮೂಟೆ ಎಳೆದುಕೊಳ್ಳುತ್ತಿದ್ದರು. ಸರಕು ಗಾಳಿಯಲ್ಲಿ ತೇಲುತ್ತಾ ಹೋಗುತ್ತಿತ್ತು. ಸಾಹುಕಾರ ಗೋಡೆಗೆ ಭುಜ ಉಜ್ಜಿಕೊಂಡು ಹತ್ತುತ್ತಿದ್ದ.

ಆಗ ನೆಲ ಅಂತಸ್ತಿನಲ್ಲಿ ಅಂಗಡಿ. ಕಿಟಕಿಗೆ ಅಡ್ಡಡ್ಡ ಎರಡು ಹಲಗೆ. ಬೆಳಿಗ್ಗೆ ಕೆಳಗಿನದನ್ನು ಬೀದಿಗೆ ಇಳಿಸಿದರೆ ಸಾಮಾನು ಹರಡುವ ಕಟ್ಟೆ, ಮೇಲಿನದನ್ನು ಎತ್ತಿದರೆ ಬಿಸಿಲು ಮಳೆಗೆ ತಡಿಕೆ. ರಾತ್ರಿ ಎರಡೂ ಮುಚ್ಚಿದರೆ ಅಂಗಡಿ ಭದ್ರ. ಇಷ್ಟು ಅಚ್ಚುಕಟ್ಟಾದ ತಲೆ ಮೆಟ್ಟಿಲಿನ ಹತ್ತಿರ ಬಂದಾಗ ಎಲ್ಲಿಗೆ ಹೋಯಿತೋ!

12, 13ನೇ ಶತಮಾನದಲ್ಲಿ ಶಾಂಪೇನ್ ಸೀಮೆಯ ಜಾತ್ರೆಗಳಿಗೆ ಇಟಲಿಯವರೂ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನವರೂ ಬಟ್ಟೆ, ಮಸಾಲೆ ಹೊತ್ತು ಬರುತ್ತಿದ್ದರು. ತ್ರುವಾ ಅಂಥ ಜಾತ್ರೆಯ ಊರು. 1524ರಲ್ಲಿ ಬೆಂಕಿ ಬಿದ್ದು ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಪುಣ್ಯಾತ್ಮರು ಮತ್ತೆ ಕಟ್ಟಿದ್ದೂ ಮರದಲ್ಲೇ, ಅದೇ ಹಳೇ ಕ್ರಮದಲ್ಲೇ! ಬೈಯುವ ಹಾಗೂ ಇಲ್ಲ, ಸುತ್ತಮುತ್ತ ಸಿಗುವುದು ಸೀಮೆಸುಣ್ಣದಂಥ ಮೆತ್ತನೆ ಕಲ್ಲು. ಹಾಗಾಗಿ ಓಕ್ ಮರದ ಚೌಕಟ್ಟು, ನಡುವೆ ಹುಲ್ಲು ಕಲಸಿದ ಮಣ್ಣು.

ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಬೀದಿಯ ಕಡೆಗೆ ಮುಂದೆ ಚಾಚಿದೆ. ಮೇಲೆ ಜಾಗ ಜಾಸ್ತಿ, ಕೆಳಗಿನ ಗೋಡೆಗೆ ಮಳೆ ಕಡಿಮೆ. ಎದುರು ಮನೆಯವರೂ ಹೀಗೇ ಚಾಚಿದರೆ? ಇಲ್ಲಿ ‘ಬೆಕ್ಕುಗಳ ಓಣಿ’ ಅಂತಲೇ ಒಂದು ಸಂದಿಯಿದೆ, ಬೆಕ್ಕು ಈ ಮಾಡಿನಿಂದ ಆ ಮಾಡಿಗೆ ಸಲೀಸಾಗಿ ಹಾರಬಹುದು. ನಮ್ಮ ರೂಮಿನದೂ ಹೆಚ್ಚುಕಡಿಮೆ ಅದೇ ಕಥೆ. ಬೆಳಿಗ್ಗೆ ಕಿಟಕಿ ತೆಗೆದು ಯಜಮಾನರು ಸೀನಿದರು. ಎದುರು ಕಿಟಕಿಯ ಅಜ್ಜಿ ಕಾಫಿ ಲೋಟ ಕೆಳಗಿಟ್ಟು ಫ್ರೆಂಚಿನಲ್ಲಿ ಹರಸಿದರು. ಇವರು ಬನಿಯನ್ನಿನಲ್ಲೇ ಕೈ ಮುಗಿದರು.

ಮರ ಒಣಗಿ, ಬಾಗಿ, ನೆಲ ಒಂದು ಕಡೆ ಇಳಿಜಾರಾಗಿದೆ. ಊರಿಂದ ತಂದಿದ್ದ ರವೆ ಉಂಡೆ ನನ್ನ ಕೈ ಜಾರಿತು. ಅದು ಗಡಿಬಿಡಿಯಿಲ್ಲದೆ ರೂಮು ದಾಟಿ ಬೀರುವಿನ ಕೆಳಗೆ ಸೇರಿತು. ಮುಂದಿನದು ಇಲಿಗೇ ಗೊತ್ತು.

ಹೊರಡುವ ದಿನ ಮನೆಯೊಡತಿ ತೊಲೆಯ ಮೇಲಿನ ಗೀರುಗಳನ್ನು ತೋರಿಸಿದರು. ಬಡಗಿಗಳು ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ, ಪ್ರತಿ ಮರಕ್ಕೂ ಉಳಿಯಿಂದ ಗುರುತು ಕೆತ್ತುತ್ತಿದ್ದರಂತೆ. ಆಮೇಲೆ ಬಿಚ್ಚಿ, ಸಾಗಿಸಿ, ಮರದ ಗೂಟ ಬಡಿದು ನಿಲ್ಲಿಸುವುದು. “ಎಲ್ಲಿ, ಎಲ್ಲಿ?” ಎಂದು ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ‘ಧಡ್’ ಎಂದಿತು. ಒಡತಿ ಗಾಬರಿಯಿಂದ ಓಡಿ ಬಂದು ಸವರಿ ನೋಡಿದರು.

ತೊಲೆಯನ್ನು.