ಸತ್ಯಾಂಶ: ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿದ್ದು 2023ರಲ್ಲೇ ಮೊದಲಾ?

'ಕರ್ನಾಟಕಕ್ಕೆ ಇತಿಹಾಸದಲ್ಲೇ ಮೊದಲ ಸಂತೋಷ್ ಟ್ರೋಫಿ!' 2023ರ ಗೆಲುವಿನ ಫೋಟೊ ಹಾಕಿ ಹೀಗೊಂದು ಸಂದೇಶ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಗೆಲುವು ನಿಜ. 'ಮೊದಲ' ಅನ್ನುವುದು ತಪ್ಪು. ಅದು ನಮ್ಮ ಐದನೇ ಟ್ರೋಫಿ.

ರಾಜ್ಯ ತಂಡಗಳ ಈ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಶುರುವಾಗಿದ್ದು 1941ರಲ್ಲಿ. ನಮ್ಮವರು ಇದನ್ನು 1946, 1952, 1967 ಮತ್ತು 1968-69ರ ಸೀಸನ್‌ಗಳಲ್ಲಿ ಗೆದ್ದಿದ್ದರು. ಆದರೆ ಆಗಿನ್ನೂ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದಿರಲಿಲ್ಲ, ಅದು ಬಂದಿದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಹಳೆಯ ದಾಖಲೆಗಳಲ್ಲಿ ತಂಡದ ಹೆಸರು ಮೈಸೂರು ಅಂತಲೇ ಇದೆ. ಪಟ್ಟಿಯಲ್ಲಿ ಬರೀ ಕರ್ನಾಟಕ ಅಂತ ಹುಡುಕಿದರೆ ಆ ನಾಲ್ಕೂ ಕಣ್ತಪ್ಪಿ ಹೋಗುತ್ತವೆ.

ಆ ನಾಲ್ಕು ಫೈನಲ್‌ಗಳಲ್ಲೂ ಎದುರಿಗಿದ್ದದ್ದು ಬಂಗಾಳ! ಟೂರ್ನಿಯನ್ನು ಅತಿ ಹೆಚ್ಚು ಸಲ ಗೆದ್ದಿರುವ ತಂಡ ಅದು. ಅಂಥವರನ್ನು ಮತ್ತೆ ಮತ್ತೆ ಮಣಿಸಿದ ಆಟಗಾರರನ್ನು ಒಂದು ವಾಟ್ಸ್ಆ್ಯಪ್ ಫಾರ್ವರ್ಡ್ ಸುಮ್ನೆ ಅಳಿಸಿಹಾಕುವುದು ಅನ್ಯಾಯ ಅಲ್ವಾ?

2023ರ ಮಾರ್ಚ್ 4ರ ಫೈನಲ್ ಕೂಡ ಸಾಮಾನ್ಯದ್ದಲ್ಲ. ಸೌದಿಯ ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3-2 ಗೆಲುವು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ದೂರದಿಂದ ಹೊಡೆದ ಫ್ರೀಕಿಕ್ ನೇರ ಗೋಲಿಗೆ ಹೋಯಿತು. ಅದನ್ನು ಎಷ್ಟು ಸಲ ನೋಡಿದರೂ ಸಾಲದು.

ಮರುದಿನದ ಸುದ್ದಿಗಳಲ್ಲೇ '54 ವರ್ಷಗಳ ನಂತರ' ಅಂತ ಇತ್ತು. ಫಾರ್ವರ್ಡ್ ಆಗುತ್ತಾ ಆಗುತ್ತಾ ಆ ಮಾತೇ ಬಿಟ್ಟುಹೋಗಿದೆ.