144 ಸೆಕ್ಷನ್ನಿನ ಸಂಸಾರ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಗೆಳೆಯನಿಗೆ ತಿಂಗಳಲ್ಲಿ ಎರಡು ಶನಿವಾರ, ಸಂಜೆ ನಾಲ್ಕರಿಂದ ಆರರವರೆಗೆ, ಅಪ್ಪನಾಗಲು ಕೋರ್ಟು ಅನುಮತಿ ಕೊಟ್ಟಿದೆ. ಜಾಗ, ಘಾಟ್ಕೋಪರ್‌ನ ಒಂದು ಮಾಲ್. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಸ್ಲೋ ಲೋಕಲ್ಲು ದಿವಾ ಹತ್ತಿರ ಸುಮ್ನೆ ಇಪ್ಪತ್ತು ನಿಮಿಷ ನಿಂತಿತು. ರೈಲು ನುಂಗಿದ ಅಪ್ಪತನಕ್ಕೆ ರಿಫಂಡ್ ಇಲ್ಲ.

ಏಳು ವರ್ಷದ ಮಗಳು ಫುಡ್ ಕೋರ್ಟ್‌ನಲ್ಲಿ ಕೂತಿದ್ದಳು. ಪಕ್ಕದ ಟೇಬಲ್ಲಿನಲ್ಲಿ ಅವಳ ಅಜ್ಜ, ಅಂದರೆ ಗೆಳೆಯನ ಮಾಜಿ ಮಾವ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಗೆಳೆಯನೇನು ಕಮ್ಮಿ? ಐಸ್‌ಕ್ರೀಮ್ ಬಿಲ್ಲನ್ನು ನೀಟಾಗಿ ಮಡಚಿ ಪರ್ಸಿಗೆ ಸೇರಿಸಿದ. ಸಾಕ್ಷಿಗೆ ಬೇಕಲ್ವಾ!

"ಬಾಕಿ ಮೂರು ತಿಂಗಳದ್ದು ಬಂದರೆ ಮುಂದಿನ ಸಲ ಕರ್ಕೊಂಡು ಬರ್ತೀನಿ" ಎಂದರು ಅಜ್ಜ. "ಮೊದಲು ಮಗು ತೋರಿಸಿ, ಆಮೇಲೆ ಜಿಪೇ" ಎಂದ ಇವನು. ಕ್ಯಾಶ್ ಆನ್ ಡೆಲಿವರಿ. ಜೀವನಾಂಶ ಬೇರೆ, ಭೇಟಿ ಬೇರೆ, ಎರಡೂ ಮಗುವಿನ ಹಕ್ಕು, ಒಂದು ತಪ್ಪಿತೆಂದು ಇನ್ನೊಂದನ್ನು ತಾವೇ ತಡೆಯುವ ಹಾಗಿಲ್ಲ. ಇದು ಇಬ್ಬರ ವಕೀಲರಿಗೂ ಗೊತ್ತು. ಅವರು ಹೇಳುವುದಿಲ್ಲ, ಅಷ್ಟೆ.

ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಟ್ಟರು. ಕುಚೇಲನ ಹತ್ತಿರ ಅವಲಕ್ಕಿ ಗಂಟಾದರೂ ಇತ್ತು, ನಮ್ಮವನ ಅಫಿಡವಿಟ್ಟಿನಲ್ಲಿ ಅದೂ ಇಲ್ಲ. ಕೈಯಲ್ಲಿ ಮಾತ್ರ ಮೂವತ್ತು ಸಾವಿರದ ವಾಚು. ಆ ಕಡೆ ಮಾಜಿ ಹೆಂಡತಿಯ ಟ್ಯೂಷನ್ ಕ್ಲಾಸೂ ಕಾಗದದ ಮೇಲೆ ಮಾಯ. ಇಬ್ಬರೂ ಕಡುಬಡವರು. ವಕೀಲರು ಮಾತ್ರ ಇಬ್ಬರಿಗೂ ಇದ್ದಾರೆ.

ಮಧ್ಯಂತರ ಜೀವನಾಂಶದ ಅರ್ಜಿ, ನೋಟಿಸ್ ತಲುಪಿದ 60 ದಿನದಲ್ಲಿ ಮುಗಿಯಬೇಕು ಎಂದು ಕಾನೂನೇ ಹೇಳುತ್ತದೆ. ಜೊತೆಗೆ 'ಸಾಧ್ಯವಾದಷ್ಟು' ಎಂದೂ ಸೇರಿಸುತ್ತದೆ. ಆ ಒಂದು ಪದ ಮುಗಿಯುವಷ್ಟರಲ್ಲಿ ಮಗಳ ಎರಡು ಹಾಲುಹಲ್ಲು ಬಿದ್ದು ಹೊಸವು ಬಂದವು.

ಈ ಜೀವನಾಂಶದ ಸೆಕ್ಷನ್ ಮೊದಲು 125 ಆಗಿತ್ತು. 2024ರ ಜುಲೈ 1ರಿಂದ, ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, 144. ನಂಬರ್ ಬದಲಾಯಿತು, ಬಾಕಿ ಹಾಗೇ ಇದೆ. ನಮ್ಮ ಕಾಲದಲ್ಲಿ 144 ಅಂದರೆ ಗುಂಪು ಸೇರಬಾರದು ಅಂತ ಪೊಲೀಸರು ಹಾಕುತ್ತಿದ್ದ ನಿಷೇಧಾಜ್ಞೆ. ಈಗ ಅದು 163ಕ್ಕೆ ಹೋಗಿದೆಯಂತೆ. ನನಗೇನೋ ಇದೇ ಸರಿಯೆನಿಸಿತು. ಅಪ್ಪ, ಅಮ್ಮ, ಮಗು ಮೂವರೂ ಒಂದೆಡೆ ಸೇರಬಾರದು.

ಐದು ಐವತ್ತೈದಕ್ಕೆ ಅಜ್ಜ ಕೆಮ್ಮಿದರು. ಮಗಳು ಚಮಚ ನೆಕ್ಕಿ ಕೆಳಗಿಟ್ಟಳು.

"ಪಪ್ಪಾ, ನೆಕ್ಸ್ಟ್ ತಾರೀಖು ಯಾವಾಗ?"

ಗೆಳೆಯ ವಾಚು ನೋಡಿಕೊಂಡ. ಅಜ್ಜ ಅಷ್ಟು ಹೊತ್ತಿಗೆ ವಿಡಿಯೋ ನಿಲ್ಲಿಸಿದ್ದರು. ಬ್ಯಾಟರಿ ಮುಗಿದಿತ್ತು.