ಕೈ ಎತ್ತಿದರೆ ಸಾಕು, ದೇವರು

ಗ್ರೀಕರ ದೇವಲೋಕದಲ್ಲಿ ಖಾತೆ ಹಂಚಿಕೆ ಆಗಿದ್ದೇ ಚೀಟಿ ಎತ್ತಿ. ಅಣ್ಣತಮ್ಮಂದಿರು ಮೂವರು. ಜ್ಯೂಸ್‌ಗೆ ಆಕಾಶ ಬಂತು, ಪೊಸೈಡನ್‌ಗೆ ಸಮುದ್ರ, ಹೇಡೀಸ್‌ಗೆ ಸತ್ತವರ ಲೋಕ. ಭೂಮಿ ಮೂವರಿಗೂ ಸೇರಿದ್ದು, ಅಂದರೆ ಯಾರ ಜವಾಬ್ದಾರಿಯೂ ಅಲ್ಲ. ಅಲ್ಲಿದ್ದವರು ಬರೀ ಮನುಷ್ಯರು, ಬಿಡಿ.

ಉಳಿದ ಖಾತೆಗಳ ಕಥೆ ಕೇಳಲೇಬೇಡಿ. ರೋಗ ಹರಡುವವನು ಅಪೊಲೊ, ವಾಸಿ ಮಾಡುವವನೂ ಅವನೇ. ಹರ್ಮಿಸ್ ವ್ಯಾಪಾರಿಗಳಿಗೂ ದೇವರು, ಕಳ್ಳರಿಗೂ ದೇವರು, ಹಾಗಾಗಿ ದೂರು ಹೇಳಿಕೊಳ್ಳಲು ಹೋದರೆ ಅಲ್ಲಿ ಕಳ್ಳ ಮೊದಲೇ ಬಂದು ಹರಕೆ ಹೊತ್ತುಕೊಂಡು ನಿಂತಿರುತ್ತಾನೆ. ಯುದ್ಧಕ್ಕೆ ಇಬ್ಬರು, ಅಥೀನಾ ಮತ್ತು ಏರೀಸ್. ಬೆವರು ಸುರಿಸಿ ದುಡಿಯುವವನು ಕಮ್ಮಾರ ಹೆಫೈಸ್ಟಸ್ ಒಬ್ಬ, ಅವನು ಕುಂಟುವುದನ್ನು ನೋಡಿ ಉಳಿದವರು ನಕ್ಕಿದ್ದೇ ನಕ್ಕಿದ್ದು. ಇನ್ನು ಸಿಡಿಲು ಹಿಡಿದ ಜ್ಯೂಸ್‌ಗೆ ಒಲಿಂಪಿಯಾದಲ್ಲಿ ನೊಣ ಓಡಿಸುವ ಹೆಚ್ಚುವರಿ ಖಾತೆಯೂ ಇತ್ತು!

ಆದರೂ ಇವರೆಲ್ಲ ದೇವರಾಗಿಯೇ ಹುಟ್ಟಿದವರು. ಅಥೆನ್ಸಿನ ಜನ ಅದನ್ನೂ ಮೀರಿಸಿದರು. ಕ್ರಿ.ಪೂ. 307ರಲ್ಲಿ ಡಿಮಿಟ್ರಿಯಸ್ ಎಂಬ ಮ್ಯಾಸಿಡೋನಿಯಾದ ದಂಡನಾಯಕ ಬಂದು, ಬೇರೆಯವರ ಹಿಡಿತದಲ್ಲಿದ್ದ ಊರನ್ನು ಬಿಡಿಸಿದ. ತಗೊಳ್ಳಿ, ಅವನೂ ಅವನಪ್ಪ ಆಂಟಿಗೊನಸ್ಸೂ ಇನ್ನು ಮೇಲೆ ರಕ್ಷಕ ದೇವರು ಅಂತ ಠರಾವು ಆಯಿತು. ಅವನು ರಥದಿಂದ ಕಾಲಿಟ್ಟ ಜಾಗದಲ್ಲಿ ಬಲಿಪೀಠ ಕಟ್ಟಿದರು. ಸುಮ್ನೆ ಇಳಿದಿದ್ದಕ್ಕೆ!

ದೇವರಾದ ಮೇಲೆ ಬಾಡಿಗೆ ಮನೆಯಲ್ಲಿ ಇರಲಿಕ್ಕಾಗುತ್ತಾ? ಅಥೀನಾಳ ಪಾರ್ಥೆನಾನ್ ಗುಡಿಯ ಹಿಂಭಾಗವನ್ನೇ ಬಿಟ್ಟುಕೊಟ್ಟರು. ಅಥೀನಾ ನನಗೆ ಅಕ್ಕ ಆಗಬೇಕು ಅನ್ನುತ್ತಿದ್ದನಂತೆ. ಅಕ್ಕ ಕನ್ಯೆ. ತಮ್ಮ ಅದೇ ಗುಡಿಗೆ ವೇಶ್ಯೆಯರನ್ನು ಕರೆಸಿಕೊಳ್ಳುತ್ತಿದ್ದ ಅಂತ ಜೀವನಚರಿತ್ರೆ ಬರೆಯುತ್ತಿದ್ದ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ.

ಅವನೇ ಬರೆದ ಇನ್ನೊಂದು ಪ್ರಸಂಗ ಇದಕ್ಕಿಂತ ಮಜವಾಗಿದೆ. ಪೈರಿನ ದೇವಿ ಡಿಮೀಟರಳ ದೀಕ್ಷೆಗೆ ಹಂತಗಳಿದ್ದವು. ಮೊದಲನೆಯದು ಆಂಥೆಸ್ಟೀರಿಯಾನ್ ತಿಂಗಳಲ್ಲಿ, ಎರಡನೆಯದು ಬೊಯಿಡ್ರೋಮಿಯಾನ್ ತಿಂಗಳಲ್ಲಿ, ಕೊನೆಯದಕ್ಕೆ ಮತ್ತೊಂದು ವರ್ಷ ಕಾಯಬೇಕು. ಇವನಿಗೆ ಪುರುಸೊತ್ತಿಲ್ಲ, ಎಲ್ಲ ಒಟ್ಟಿಗೇ ಬೇಕು ಅಂತ ಕಾಗದ ಬರೆದ. ಸ್ಟ್ರಾಟೊಕ್ಲಿಸ್ ಎಂಬ ಮುಖಂಡ ಎದ್ದು, ಈಗ ನಡೆಯುತ್ತಿರುವ ಮ್ಯುನಿಕಿಯಾನ್ ತಿಂಗಳನ್ನು ಆಂಥೆಸ್ಟೀರಿಯಾನ್ ಅಂತ ಕರೆಯೋಣ ಅಂದ. ಪಾಸ್. ಮೊದಲ ದೀಕ್ಷೆ ಮುಗಿಯಿತು. ಆಮೇಲೆ ಅದೇ ತಿಂಗಳನ್ನು ಬೊಯಿಡ್ರೋಮಿಯಾನ್ ಅಂದರು, ಉಳಿದಿದ್ದೂ ಮುಗಿಯಿತು. ಬೇಡ ಅಂದವನು ದೀವಟಿಗೆ ಹಿಡಿಯುವ ಪೂಜಾರಿ ಒಬ್ಬನೇ. ಹೊಲದ ಪೈರಿಗೆ ಠರಾವಿನ ಪ್ರತಿ ತಲುಪಿತೋ ಇಲ್ಲವೋ!

ಕ್ರಿ.ಪೂ. 301ರಲ್ಲಿ ಇಪ್ಸಸ್ ಯುದ್ಧದಲ್ಲಿ ದೇವರು ಸೋತ. ಅಥೆನ್ಸಿಗೆ ಹೊರಟರೆ ದೂತರು ದಾರಿಯಲ್ಲೇ ಸಿಕ್ಕಿ, ಊರೊಳಗೆ ಯಾವ ರಾಜನನ್ನೂ ಬಿಡಬಾರದು ಅಂತ ಠರಾವು ಆಗಿದೆ ಸ್ವಾಮಿ ಅಂದರು. ಕೆಲವು ವರ್ಷ ಬಿಟ್ಟು ಅವನು ಮುತ್ತಿಗೆ ಹಾಕಿ, ಹಸಿವಿನಿಂದ ಸಾಯಿಸಿ ಊರು ಗೆದ್ದ. ತಕ್ಷಣ ಭಕ್ತಿ ವಾಪಸ್ ಬಂತು. ಬೇರೆ ದೇವರು ದೂರ ಇದ್ದಾರೆ, ಇಲ್ಲ ಅವರಿಗೆ ಕಿವಿಯಿಲ್ಲ, ಇಲ್ಲ ಅವರೇ ಇಲ್ಲ, ನೀನೊಬ್ಬ ಕಣ್ಣೆದುರಿಗೆ ಇದ್ದೀಯ ಅಂತ ಹಾಡಿದರು. ಅಥೀನಾಳ ಊರಲ್ಲೇ!

ಕ್ರಿ.ಪೂ. 200ರಲ್ಲಿ ಅವನ ಮರಿಮಗ ಐದನೇ ಫಿಲಿಪ್ ಜೊತೆ ಯುದ್ಧ ಹತ್ತಿತು. ಅಥೆನ್ಸ್ ಮತ್ತೆ ಸಭೆ ಸೇರಿತು. ಅವನ ವಂಶದವರ ವಿಗ್ರಹಗಳನ್ನೆಲ್ಲ ಒಡೆಯಬೇಕು, ಅವರ ಹಬ್ಬ, ಅರ್ಚಕರು ಎಲ್ಲ ರದ್ದು, ಪೂಜಾರಿಗಳು ಊರಿಗೆ ಒಳ್ಳೆಯದು ಕೇಳಿದಾಗಲೆಲ್ಲ ಫಿಲಿಪ್‌ಗೆ ಶಾಪವನ್ನೂ ಹಾಕಬೇಕು. ಕೊನೆಗೊಂದು ಕಲಮು ಸೇರಿಸಿದರು: ಫಿಲಿಪ್‌ಗೆ ಅವಮಾನ ಆಗುವಂಥ ಯಾವ ಠರಾವನ್ನು ಮುಂದೆ ಯಾರೇ ತಂದರೂ, ಅದಕ್ಕೆ ಜನರ ಒಪ್ಪಿಗೆ ಈಗಲೇ ಇದೆ.